41 ಅಡಿಯ ಕಲ್ಲು, 6 ಇಂಚಿನ ಫೋನು

ರಾಯಚೂರಿಗೆ ಬಂದಿಳಿದವರ ಮೊದಲ ಪ್ರಶ್ನೆ, "ಕಿಲ್ಲಾ ಎಲ್ಲೈತ್ರೀ?" ಆಟೋದವರ ಉತ್ತರವೂ ತಯಾರಿರುತ್ತದೆ: "ಕಿಲ್ಲಾದಾಗೇ ನಿಂತೀರಲ್ರೀ, ಸಾರ್!" ಇಲ್ಲಿ ಊರು ಕೋಟೆಯನ್ನು ಹಾಗೇ ಒಳಗೆ ಹಾಕಿಕೊಂಡು ಕೂತಿದೆ. ಆದ್ದರಿಂದ ಕೋಟೆ ಕೇಳಬೇಡಿ. ಒಳಕೋಟೆಯ ಪಶ್ಚಿಮ ಗೋಡೆಯ ಶಾಸನದ ಕಲ್ಲು ಕೇಳಿ.

ಆ ಕಲ್ಲಿನ ಉದ್ದ 41 ಅಡಿಗೂ ಹೆಚ್ಚು, ಎತ್ತರ ಸುಮಾರು 3 ಅಡಿ. ಕಾಕತೀಯರ ಕಡೆಯ ವಿಠ್ಠಲನೆಂಬ ದಂಡನಾಯಕ ಆದವಾನಿ, ಮಾನ್ವಿಗಳನ್ನೆಲ್ಲ ಗೆದ್ದು ಬಂದು ಈ ಕೋಟೆ ಕಟ್ಟಿಸಿದನೆಂದು 1294ರ ತೆಲುಗು ಶಾಸನ ಅದರ ಮೇಲಿದೆ. ಓದುವವರು ಕಡಿಮೆ, ಫೋಟೋ ಹೊಡೆಯುವವರೇ ಜಾಸ್ತಿ. ಫಜೀತಿ ಶುರುವಾಗುವುದೇ ಅಲ್ಲಿ. ಸಾಮಾನ್ಯ ಫೋನಿನ ಕ್ಯಾಮೆರಾದಲ್ಲಿ ಇಡೀ ಕಲ್ಲು ಹಿಡಿಸಬೇಕಾದರೆ ಕನಿಷ್ಠ 30 ಅಡಿ ಹಿಂದೆ ಸರಿಯಬೇಕು. ಕಣ್ಣು ಸ್ಕ್ರೀನಿನ ಮೇಲಿಟ್ಟು ಹಿಮ್ಮುಖವಾಗಿ 30 ಅಡಿ ನಡೆಯುವವರನ್ನು ನೋಡಿದರೆ ದನಗಳೇ ದಾರಿ ಬಿಡುತ್ತವೆ, ಸ್ಕೂಟರಿನವರು ಬಿಡುವುದಿಲ್ಲ. ಬೇಡವೆಂದು ಪನೋರಮಾ ಒತ್ತಿದಿರೋ, ನೆಟ್ಟಗಿದ್ದ ಕಲ್ಲು ನಡುವೆ ಉಬ್ಬಿ ಬಾಳೆಹಣ್ಣಾಗುತ್ತದೆ: ಎರಡೂ ತುದಿ ನಿಮ್ಮಿಂದ ದೂರ, ನಡು ಹತ್ತಿರ. ಅಷ್ಟರಲ್ಲಿ ಆಡೊಂದು ಅಡ್ಡ ಹಾಯ್ದರೆ ಅದಕ್ಕೆ ಆರು ಕಾಲು. ಫೋನು ಪಟ್ಟಿ ಪಟ್ಟಿ ತೆಗೆದು ಹೊಲಿಯುತ್ತದಲ್ಲ, ಆಡು ಒಂದೆರಡು ಪಟ್ಟಿಯಲ್ಲಿ ಹಾಜರಿ ಹಾಕಿಬಿಟ್ಟಿರುತ್ತದೆ.

ಇಷ್ಟೆಲ್ಲ ಸರ್ಕಸ್ಸಿನಲ್ಲಿ ತಪ್ಪಿಹೋಗುವುದು ಅಲ್ಲೇ ಗೋಡೆಯಲ್ಲಿ ಕೆತ್ತಿರುವ ಚಿತ್ರ. ಇದೇ ಕಲ್ಲು ಬಂಡಿ ಏರಿ ಬರುತ್ತಿದೆ. ಮುಂದೆ ಕೋಣಗಳ ಉದ್ದನೆಯ ಸಾಲು, ಅವನ್ನು ಹೊಡೆಯುವವರು. ಹಿಂದಿನಿಂದ ಗಾಲಿಗೆ ಮರದ ಸನ್ನೆ ಕೊಟ್ಟು ನೂಕುವವರು. ಕಲ್ಲಿನ ದಪ್ಪ ಒಂದೇ ಅಡಿ ಅಂತ ಹಿಡಿದರೂ ತೂಕ 9 ಟನ್ ಆಗುತ್ತದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ ಇದು, ಭಾರವೇ ಅದರ ಅಂಟು. ನನ್ನನ್ನು ಕೇಳಿದರೆ ಶಾಸನಕ್ಕಿಂತ ಈ ಚಿತ್ರವೇ ಒಂದು ಕೈ ಮೇಲು. ಗೆದ್ದವನ ಹೆಸರು ಎಲ್ಲ ಕಲ್ಲಿನಲ್ಲೂ ಇರುತ್ತದೆ, ಸನ್ನೆ ಹಿಡಿದವನ ಬೆನ್ನು ಎಲ್ಲಿ ಸಿಗುತ್ತದೆ? ಹತ್ತಿರ ಹೋಗಿ, ಓರೆ ಬಿಸಿಲಿನಲ್ಲಿ ನೋಡಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಸವೆದ ಗೆರೆಗಳು ಕಾಣುವುದಿಲ್ಲ. ಸುಣ್ಣ, ಸೀಮೆಸುಣ್ಣ ತಿಕ್ಕಿ ಗೆರೆ ಎಬ್ಬಿಸುವ ಜಾಣತನ ಬೇಡ.

ಏಕ್ ಮಿನಾರ್ ಮಸೀದಿಯ ಮುಂದೆ "ಇನ್ನೊಂದು ಮಿನಾರ್ ಯಾವಾಗ ಬಿತ್ತು?" ಎಂದು ಕೇಳುವವರಿದ್ದಾರೆ. ಬಿದ್ದಿಲ್ಲ, ಬಹಮನಿ ಕಾಲದಲ್ಲಿ ಕಟ್ಟಿದ್ದೇ ಒಂದು. ವಸ್ತುಸಂಗ್ರಹಾಲಯಕ್ಕೆಂದೇ ಬರುವವರು ಸೋಮವಾರ ಬಿಟ್ಟು ಬನ್ನಿ.

ಗುಡ್ಡ ಹತ್ತುವುದಾದರೆ ಬೆಳಿಗ್ಗೆ ಏಳಕ್ಕೆ, ತಲೆಗೆ ಎರಡು ಲೀಟರ್ ನೀರಿನೊಂದಿಗೆ. ಮೇಲೆ ದರ್ಗಾದ ಹತ್ತಿರ ಚಪ್ಪಲಿ ಬಿಡಬೇಕು. ಹನ್ನೊಂದಕ್ಕೆ ಬಂದವರು ಕಾದ ಬಂಡೆಯ ಮೇಲೆ ಕುಣಿಯುವುದನ್ನು ಕೆಳಗಿನ ಊರು ಪುಕ್ಕಟೆ ನೋಡುತ್ತದೆ.