ಗುಂಡಿ ಒತ್ತುವುದಕ್ಕೆ ಪದವಿ ಯಾಕೆ ಎನ್ನುವವರಿಗೆ

"ವೆಂಟಿಲೇಟರ್ ಕಂಪನಿಯವರು ಬಂದು ಎರಡು ದಿನ ತೋರಿಸಿಕೊಟ್ಟರೆ ಸಾಲದೇ? ಅದಕ್ಕೂ ಒಂದು ಪದವಿ, ಮೇಲೊಂದು ಪರೀಕ್ಷೆ ಬೇಕೇ?" ರೆಸ್ಪಿರೇಟರಿ ಥೆರಪಿ, ಅಂದರೆ ಉಸಿರಾಟದ ಚಿಕಿತ್ಸೆ, ಓದುವವರನ್ನು ಹೀಗೆ ಕೇಳದ ನೆಂಟರಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. 165 ಸೆಂಟಿಮೀಟರ್ ಎತ್ತರ, 110 ಕಿಲೋ ತೂಕದ ಗಂಡಸು. ಶ್ವಾಸಕೋಶಕ್ಕೆ ತೀವ್ರ ಹಾನಿಯಾಗಿ ವೆಂಟಿಲೇಟರ್ ಮೇಲಿದ್ದಾನೆ. ಪ್ರತಿ ಉಸಿರಿಗೆ ಎಷ್ಟು ಗಾಳಿ ಕೊಡಬೇಕು? ಕಿಲೋಗೆ 6 ಮಿಲಿಲೀಟರ್ ಎಂದು ಉರುಹೊಡೆದವನು 660 ಇಟ್ಟುಬಿಡುತ್ತಾನೆ. ಮೈಯಲ್ಲಿ ಕೊಬ್ಬು ಸೇರಿದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ, ಸ್ವಾಮಿ. ತೂಕವನ್ನು ಎತ್ತರದಿಂದ ಲೆಕ್ಕ ಹಾಕಬೇಕು. ಈತನಿಗೆ ಅದು ಸುಮಾರು 61.5 ಕಿಲೋ. ಅಂದರೆ ಕೊಡಬೇಕಾದ ಗಾಳಿ 370 ಮಿಲಿಲೀಟರ್ ಆಸುಪಾಸು. 2000ರಲ್ಲಿ ಪ್ರಕಟವಾದ, ಇಂಥ ರೋಗಿಗಳ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಹೀಗೆ ಲೆಕ್ಕ ಹಾಕಿದ ತೂಕದ ಪ್ರತಿ ಕಿಲೋಗೆ 12 ಮಿಲಿಲೀಟರ್ ಕೊಟ್ಟವರ ಪೈಕಿ ಶೇ 39.8 ಮಂದಿ ತೀರಿಕೊಂಡರೆ, 6 ಮಿಲಿಲೀಟರ್ ಕೊಟ್ಟವರಲ್ಲಿ ಆ ಪ್ರಮಾಣ ಶೇ 31 ಆಗಿತ್ತು. ಗುಂಡಿ ಒತ್ತಲು ಎರಡು ದಿನ ಸಾಕು, ಒಪ್ಪಿದೆ. ಯಾವ ಸಂಖ್ಯೆ ಇಡಬೇಕೆಂದು ತಿಳಿಯಲು ಸಾಲದು.

ಈ ವೃತ್ತಿಯವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಮೆರಿಕದ ನ್ಯಾಷನಲ್ ಬೋರ್ಡ್ ಫಾರ್ ರೆಸ್ಪಿರೇಟರಿ ಕೇರ್ ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಕನಿಷ್ಠ ಎರಡು ವರ್ಷದ ಅಸೋಸಿಯೇಟ್ ಪದವಿ ಮುಗಿಸಿದವರು ಬಹು ಆಯ್ಕೆಯ ಪರೀಕ್ಷೆ ಬರೆಯುತ್ತಾರೆ. ಅದಕ್ಕೆ ಎರಡು ಉತ್ತೀರ್ಣ ಅಂಕಗಳು: ಕಡಿಮೆಯದನ್ನು ದಾಟಿದರೆ ಸರ್ಟಿಫೈಡ್ ರೆಸ್ಪಿರೇಟರಿ ಥೆರಪಿಸ್ಟ್, ಅಂದರೆ ಸಿಆರ್‌ಟಿ, ಹೆಚ್ಚಿನದನ್ನು ದಾಟಿದರೆ ಪರದೆಯ ಮೇಲೆ ಕಾಲ್ಪನಿಕ ರೋಗಿಗೆ ಚಿಕಿತ್ಸೆ ನಡೆಸಿ ತೋರಿಸುವ ಸಿಮ್ಯುಲೇಷನ್ ಪರೀಕ್ಷೆಗೂ ಅರ್ಹತೆ, ಅದರಲ್ಲಿ ಗೆದ್ದರೆ ಮೇಲಿನ ದರ್ಜೆಯ ರಿಜಿಸ್ಟರ್ಡ್ ರೆಸ್ಪಿರೇಟರಿ ಥೆರಪಿಸ್ಟ್, ಅಂದರೆ ಆರ್‌ಆರ್‌ಟಿ.

ಮೆಚ್ಚುಗೆ ಆ ಸಿಮ್ಯುಲೇಷನ್ ಪರೀಕ್ಷೆಗೆ. ಅಲ್ಲಿ ಬೇಕಾದ್ದನ್ನು ಬಿಟ್ಟರೂ ನಷ್ಟ, ಬೇಡದ್ದನ್ನು ಮಾಡಿದರೂ ನಷ್ಟ. ವೆಂಟಿಲೇಟರ್ ಮೇಲಿರುವ ರೋಗಿಗೆ ದಿಢೀರನೆ ಶ್ವಾಸಮಾರ್ಗದ ಒತ್ತಡ ಏರಿದೆ, ಎದೆಯ ಒಂದು ಬದಿಯಲ್ಲಿ ಉಸಿರಾಟದ ಸದ್ದಿಲ್ಲ, ರಕ್ತದೊತ್ತಡ ಕುಸಿಯುತ್ತಿದೆ ಎನ್ನಿ. ಶ್ವಾಸಕೋಶದ ಸುತ್ತ ಗಾಳಿ ಸಿಕ್ಕಿಕೊಂಡಿದೆ. ಅದನ್ನು ತಕ್ಷಣ ಹೊರಬಿಡಬೇಕು. "ಎಕ್ಸ್‌-ರೇ ಬರಲಿ, ನೋಡೋಣ" ಎಂದು ಕುಳಿತರೆ ಅಷ್ಟರಲ್ಲಿ ರೋಗಿಯ ಪ್ರಾಣವೇ ಹೋಗಬಹುದು.

ತಕರಾರು ಆ ಕೆಳಗಿನ ದರ್ಜೆಯ ಬಗ್ಗೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಹೊಸ ಪರವಾನಗಿಗೆ ಆರ್‌ಆರ್‌ಟಿಯನ್ನೇ ಕೇಳುತ್ತವೆ, ಇನ್ನು ಅನೇಕ ಕಡೆ ಸಿಆರ್‌ಟಿ ಸಾಕು. ರೋಗಿ ಒಬ್ಬನೇ, ಯಂತ್ರ ಒಂದೇ, ರಾತ್ರಿ ಪಾಳಿಯೂ ಒಂದೇ ಆಗಿರುವಾಗ ಎರಡು ದರ್ಜೆ ಯಾಕೆ? ನನ್ನನ್ನು ಕೇಳಿದರೆ ಸಿಮ್ಯುಲೇಷನ್ ಎದುರಿಸದೆ ಯಾರೂ ಐಸಿಯುವಿನಲ್ಲಿ ಸ್ವತಂತ್ರವಾಗಿ ಕೆಲಸ ಮಾಡಬಾರದು.

ಆದರೆ ಪರದೆಯ ಮೇಲಿನ ಪರೀಕ್ಷೆ ಕೈಯನ್ನು ಅಳೆಯುವುದಿಲ್ಲ. ಎಬಿಜಿಗೆ (ಅಪಧಮನಿಯ ರಕ್ತದಲ್ಲಿನ ಅನಿಲಗಳ ಪರೀಕ್ಷೆಗೆ) ರಕ್ತ ತೆಗೆಯುವ ಮುನ್ನ ರೋಗಿಗೆ ಮುಷ್ಟಿ ಬಿಗಿಯಲು ಹೇಳಿ, ಮಣಿಕಟ್ಟಿನ ಎರಡೂ ಅಪಧಮನಿಗಳನ್ನು ಅದುಮಿ, ಮುಷ್ಟಿ ಸಡಿಲಿಸಿದ ಮೇಲೆ ಕಿರುಬೆರಳಿನ ಬದಿಯದನ್ನು ಮಾತ್ರ ಬಿಟ್ಟು, ಬಿಳಿಚಿದ ಅಂಗೈಗೆ ಕೆಂಪು ಮರಳುತ್ತದೆಯೇ ಎಂದು ನೋಡುವುದನ್ನು ರೋಗಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ಹೀಗೆ ಕಲಿತದ್ದನ್ನು ದಾಖಲಿಸಿ ಸಹಿ ಪಡೆಯುವ ಲಾಗ್‌ಬುಕ್ ಇರುವುದೇ ಇದಕ್ಕಾಗಿ. ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕಿಸಿಕೊಂಡ ಲಾಗ್‌ಬುಕ್‌ಗಳನ್ನು ನಾನು ನೋಡಿದ್ದೇನೆ, ಯಾರದೆಂದು ಹೇಳುವುದಿಲ್ಲ. ಕೋರ್ಸಿಗೆ ಸೇರುವವರು ಶುಲ್ಕ ವಿಚಾರಿಸುವ ಮೊದಲು ಐಸಿಯುವಿನಲ್ಲಿ ಎಷ್ಟು ಗಂಟೆ ನಿಲ್ಲಿಸುತ್ತಾರೆ, ಪಕ್ಕದಲ್ಲಿ ನಿಂತು ಹೇಳಿಕೊಡುವವರು ಯಾರು ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಬೇರೆ ಕಾಲೇಜು ನೋಡಿ.