ನೀರಿನ ಮೇಲೆ ಗಡಿ ಎಳೆಯುವ ಮುನ್ನ

ಹೊನ್ನಾವರ ತಾಲೂಕಿನ ಅಪ್ಸರಕೊಂಡದಿಂದ ಮುಗಳಿಯವರೆಗಿನ ದಡ ಮತ್ತು ಅದರ ಎದುರಿನ ಸಮುದ್ರ ಸೇರಿ ಸುಮಾರು 59 ಚದರ ಕಿಲೋಮೀಟರ್ ಪ್ರದೇಶವು ನಮ್ಮ ರಾಜ್ಯದ ಮೊದಲ ಕಡಲ ವನ್ಯಜೀವಿ ಧಾಮವಾಗಿದೆ. ಅದರ ಬಹುಪಾಲು ನೀರೇ. ದಡದಿಂದ ಸುಮಾರು 6 ಕಿಲೋಮೀಟರ್ ಒಳಗಿನವರೆಗೆ ಅದು ಚಾಚಿಕೊಂಡಿದೆ. ಕಡಲಾಮೆ ಮೊಟ್ಟೆಯಿಡಲು ಬರುವ ಈ ದಂಡೆಗಳ ಮೇಲೆ ಅಕ್ಕರೆಯಿರುವ ನಾನು ಈ ಘೋಷಣೆಯನ್ನು ಮನಸಾರೆ ಸ್ವಾಗತಿಸಿದ್ದೇನೆ. ಹಾಗೆಯೇ, ಕಾಡಿನ ಧಾಮವನ್ನು ಕಾಯುವ ಕ್ರಮದಲ್ಲಿಯೇ ಕಡಲನ್ನೂ ಕಾಯಹೊರಟರೆ ಅದು ಕಾಗದದಲ್ಲಷ್ಟೇ ಉಳಿಯುತ್ತದೆ ಎಂಬ ಆತಂಕವೂ ನನಗಿದೆ. ಕಾಡಿನಲ್ಲಿ ಗಡಿಕಲ್ಲು ನೆಡಬಹುದು, ಕಂದಕ ತೋಡಬಹುದು, ತಪಾಸಣಾ ಗೇಟು ಹಾಕಬಹುದು. ನೀರಿನ ಮೇಲೆ ಇವು ಯಾವುವೂ ನಿಲ್ಲುವುದಿಲ್ಲ. ಅಲ್ಲಿನ ಗಡಿ ಇರುವುದು ದೋಣಿಯಲ್ಲಿ ಕುಳಿತವರ ತಿಳಿವಳಿಕೆಯಲ್ಲಿ ಮಾತ್ರ.

ಆದ್ದರಿಂದ ಜನರಿಗೆ ತಿಳಿಸಿ ಹೇಳುವುದನ್ನು ಕಾನೂನು ಜಾರಿಯ ಪಕ್ಕದಲ್ಲಿ ನಡೆಯುವ ಪ್ರಚಾರ ಕಾರ್ಯಕ್ರಮವೆಂದು ನೋಡುವುದು ತಪ್ಪು. ಕಡಲಿನಲ್ಲಿ ಜಾರಿಯ ಮೊದಲ ಹೆಜ್ಜೆಯೇ ಅದು. ಕಾನೂನು ಕೂಡ ಇದನ್ನು ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 26ಎ ಪ್ರಕಾರ, ಪ್ರಾದೇಶಿಕ ಸಮುದ್ರದ, ಅಂದರೆ ದಡಕ್ಕೆ ಹತ್ತಿರವಿರುವ ದೇಶದ ಕಡಲಿನ, ಭಾಗವನ್ನು ಧಾಮಕ್ಕೆ ಸೇರಿಸುವಾಗ ಅದರ ಮಿತಿಯನ್ನು ಕಡಲಿನ ನಕ್ಷೆ ತಯಾರಿಸುವ, ಕೇಂದ್ರ ಸರ್ಕಾರದ ಮುಖ್ಯ ನೌಕಾ ಜಲಮಾಪಕರೊಂದಿಗೆ (ಚೀಫ್ ನೇವಲ್ ಹೈಡ್ರೋಗ್ರಾಫರ್) ಸಮಾಲೋಚಿಸಿ, ಸ್ಥಳೀಯ ಮೀನುಗಾರರ ವೃತ್ತಿ ಹಿತವನ್ನು ಕಾಪಾಡಲು ತಕ್ಕ ಕ್ರಮಗಳನ್ನು ಕೈಗೊಂಡ ನಂತರವೇ ನಿರ್ಧರಿಸಬೇಕು. ‘ನಂತರ’ ಎಂಬ ಆ ಪದದ ಮೇಲೆ ನಾನು ಒತ್ತು ಕೊಡುತ್ತೇನೆ. ಮೀನುಗಾರರ ಬದುಕಿನ ಪ್ರಶ್ನೆ ಧಾಮವಾದ ಮೇಲೆ ಪರಿಹಾರ ರೂಪದಲ್ಲಿ ಬರುವುದಲ್ಲ, ಧಾಮದ ಬುನಾದಿಯಲ್ಲಿಯೇ ಇರಬೇಕಾದದ್ದು.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ಸಾಕ್ಷಿ ಫಿಲಿಪ್ಪೀನ್ಸಿನ ಎರಡು ಪುಟ್ಟ ದ್ವೀಪಗಳಲ್ಲಿದೆ. ಸುಮಿಲೋನ್ ಎಂಬ ದ್ವೀಪದ ಹವಳದ ದಿಬ್ಬದ ಒಂದು ಭಾಗವನ್ನು 1974ರಲ್ಲಿ, ಸಿಲ್ಲಿಮನ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಏಂಜೆಲ್ ಅಲ್ಕಾಲಾ ಅವರ ಮುಂದಾಳತ್ವದಲ್ಲಿ, ಮೀನುಗಾರಿಕೆಯಿಂದ ಮುಕ್ತವಾಗಿ ಇಡಲಾಯಿತು. ಹತ್ತು ವರ್ಷ ಕಾವಲು ನಡೆಯಿತು, ಮೀನು ತುಂಬಿಕೊಂಡಿತು, ಸುತ್ತಲಿನ ನೀರಿನಲ್ಲಿಯೂ ಬಲೆಗೆ ಚೆನ್ನಾಗಿ ಮೀನು ಬೀಳುತ್ತಿತ್ತು. ಆದರೆ ಆ ಕಾವಲು ಹೊರಗಿನವರದಾಗಿತ್ತು. 1984ರಲ್ಲಿ ಸ್ಥಳೀಯ ಆಡಳಿತದ ಮನಸ್ಸು ಬದಲಾದಾಗ ರಕ್ಷಣೆ ಕುಸಿದು, ಬಲೆಗಳು ಮತ್ತೆ ಒಳಗೆ ಇಳಿದವು. ಮೀನು ಹಿಡಿಯುವ ಜಾಗ ಹೆಚ್ಚಾಯಿತಾದರೂ ಒಂದೆರಡು ವರ್ಷಗಳಲ್ಲಿಯೇ ಅಲ್ಲಿ ಸಿಗುವ ಒಟ್ಟು ಮೀನು ಸರಿಸುಮಾರು ಅರ್ಧಕ್ಕೆ ಇಳಿಯಿತು.

ಅದೇ ವಿಜ್ಞಾನಿಗಳು ಅಪೋ ದ್ವೀಪದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಮೊದಲು ನಡೆದದ್ದು ಮಾತುಕತೆ. ದ್ವೀಪದವರಲ್ಲಿ ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ಕೊನೆಗೆ 1982ರಲ್ಲಿ, ಇಡೀ ಸಮುದ್ರವನ್ನಲ್ಲ, ಹವಳದ ದಿಬ್ಬದ ಹತ್ತರಲ್ಲಿ ಒಂದು ಪಾಲಿನಷ್ಟು ಜಾಗವನ್ನು ಬಿಡಲು ಒಪ್ಪಿದರು. ಆ ಜಾಗ ದಡಕ್ಕೆ ಅಂಟಿಕೊಂಡಿತ್ತು; ಊರಿನಿಂದಲೇ ಕಣ್ಣಿಗೆ ಬೀಳುತ್ತಿತ್ತು. ಕಾವಲಿಗೆ ನಿಂತವರು ಆ ದ್ವೀಪದ ಮೀನುಗಾರರೇ. ಫಿಲಿಪ್ಪೀನ್ಸಿನಲ್ಲಿ ಇಂಥ ಸ್ವಯಂಸೇವಕರ ಪಡೆಗೆ ‘ಬಂತಾಯ್ ದಾಗತ್’, ಅಂದರೆ ಕಡಲ ಕಾವಲು, ಎಂಬ ಹೆಸರಿದೆ. ಅಪೋದ ಆ ಮೀಸಲು ಜಾಗ ಇಂದಿಗೂ ಉಳಿದಿದೆ.

ಚಿಕ್ಕ ದ್ವೀಪದಲ್ಲಿ ಆದದ್ದು ದೊಡ್ಡ ಕಡಲಿನಲ್ಲಿ ಆದೀತೇ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಮಹಾಸಾಲು ಇದೆ. 2004ರಲ್ಲಿ ಅಲ್ಲಿ ಮೀನುಗಾರಿಕೆಗೆ ಅವಕಾಶವಿಲ್ಲದ ಭಾಗವನ್ನು ಶೇಕಡ 5ಕ್ಕಿಂತ ಕಡಿಮೆಯಿದ್ದಲ್ಲಿಂದ ಮೂರನೇ ಒಂದು ಭಾಗಕ್ಕೆ ಏರಿಸುವ ಮುನ್ನ 31 ಸಾವಿರಕ್ಕೂ ಹೆಚ್ಚು ಲಿಖಿತ ಅಭಿಪ್ರಾಯಗಳನ್ನು ಸ್ವೀಕರಿಸಿ ನಕ್ಷೆಯನ್ನು ತಿದ್ದಲಾಯಿತು.

ನಮ್ಮಲ್ಲಿಯೂ ಮೀನುಗಾರರು ಪಾಲಿಸುವ ನಿಯಮ ಇಲ್ಲವೆಂದಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಈ ನಿಯಮ ಬಹುಮಟ್ಟಿಗೆ ನಡೆಯುವುದಕ್ಕೆ ಪೊಲೀಸರ ಭಯವೊಂದೇ ಕಾರಣವೆಂದು ನಾನು ಭಾವಿಸುವುದಿಲ್ಲ. ಮಳೆಗಾಲ ಮೀನು ಮರಿ ಮಾಡುವ ಕಾಲವೆಂಬುದು ಎಲ್ಲರಿಗೂ ಗೊತ್ತಿದೆ. ಎಲ್ಲರ ಬೋಟೂ ಬಂದರಿನಲ್ಲಿ ಕಟ್ಟಿರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ತಾನೊಬ್ಬ ನಿಂತು ಪಕ್ಕದವನು ಹಿಡಿದುಕೊಂಡು ಹೋಗುತ್ತಾನೆಂಬ ಸಂಶಯಕ್ಕೆ ಅಲ್ಲಿ ಜಾಗ ಕಡಿಮೆ.

ಆ ಸಂಶಯಕ್ಕೆ ಎಡೆ ಸಿಕ್ಕಿದಾಗ ಏನಾಗುತ್ತದೆ ಎಂಬುದಕ್ಕೆ ಬೆಳಕಿನ ಮೀನುಗಾರಿಕೆ ಉದಾಹರಣೆ. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಎಲ್‌ಇಡಿ ದೀಪದಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಆದರೂ ರಾತ್ರಿ ದೂರದಲ್ಲಿ ಹೊಳೆಯುವ ದೀಪಗಳ ಬಗ್ಗೆ ನಾಡದೋಣಿಯವರು ವರ್ಷವರ್ಷವೂ ಮನವಿ ಕೊಡುತ್ತಲೇ ಇದ್ದಾರೆ. ದೊಡ್ಡ ಬೋಟಿನ ತಪ್ಪಿಗೆ ದಂಡ ಬೀಳದ ಕಡಲಿನಲ್ಲಿ ಪಾತಿದೋಣಿಯವನಿಗೆ ಆಮೆಯ ಮಹತ್ವದ ಉಪನ್ಯಾಸ ಕೊಡುವುದು ಅವನಿಗೆ ಮಾಡುವ ಅವಮಾನ. ಇದೇ ಕರಾವಳಿಯ ಹಿರಿಯರು ರಂಪಣಿಯ ಕಾಲವನ್ನು ಕಂಡವರು. ಊರಿಗೆ ಊರೇ ನಿಂತು ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ಆ ಬಲೆ, ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ‘ಅಭಿವೃದ್ಧಿ’, ‘ಯೋಜನೆ’, ‘ಧಾಮ’ ಎಂಬ ಮಾತುಗಳನ್ನು ಅವರು ಆ ನೆನಪಿನೊಂದಿಗೇ ಕೇಳುತ್ತಾರೆ.

ಹಾಗಾಗಿ ಜಾರಿ ಬೇಕು, ಗಟ್ಟಿಯಾಗಿಯೇ ಬೇಕು. ಆದರೆ ಅದು ಹೆಚ್ಚು ಹಾನಿ ಮಾಡುವವರಿಂದ ಆರಂಭವಾಗಬೇಕು. ಮೊದಲ ಪ್ರಕರಣ ಟ್ರಾಲ್ ಬೋಟಿನ ಮೇಲೆ ದಾಖಲಾಗುವುದಕ್ಕೂ ಮುಳುಗುಬಲೆ ಬಿಟ್ಟ ಬಡವನ ಮೇಲೆ ದಾಖಲಾಗುವುದಕ್ಕೂ ಊರಿನ ಮನಸ್ಸಿನಲ್ಲಿ ಅಜಗಜಾಂತರವಿದೆ.

ತಿಳಿಸುವ ಕೆಲಸವೂ ಹಾಗೆಯೇ ಅವರ ನೆಲೆಯಿಂದ ಹೊರಡಬೇಕು. ಕಡಲಾಮೆ ಈ ದಂಡೆಯ ಜನರಿಗೆ ಹೊಸದಲ್ಲ. ಕಾಸರಕೋಡು ಟೊಂಕದಂಥ ಕಡೆ ಮರಳಿನಲ್ಲಿ ಮೊಟ್ಟೆಯ ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ಒಂದೂವರೆ ಎರಡು ತಿಂಗಳು ಕಾದು, ಮರಿಗಳನ್ನು ನೀರಿಗೆ ಬಿಡುವುದರಲ್ಲಿ ಮೀನುಗಾರರೇ ಕೈಜೋಡಿಸಿದ್ದಾರೆ. ಅವರಿಗೆ ಆಮೆಯ ಚಿತ್ರವಿರುವ ಫಲಕಕ್ಕಿಂತ ಬೇಕಾಗಿರುವುದು ನೇರ ಉತ್ತರಗಳು: ಗಡಿ ಎಲ್ಲಿಂದ ಎಲ್ಲಿಗೆ, ಯಾವ ಬಲೆಗೆ ಅವಕಾಶ, ಯಾವುದಕ್ಕೆ ಇಲ್ಲ, ಯಾವ ತಿಂಗಳಲ್ಲಿ, ಆಮೆ ಬಲೆಗೆ ಸಿಕ್ಕಿ ಬಲೆ ಕತ್ತರಿಸಿ ಬಿಟ್ಟರೆ ಆ ಬಲೆಯ ಬೆಲೆ ಯಾರು ಕೊಡುತ್ತಾರೆ. ಈ ಉತ್ತರಗಳು ಕಚೇರಿಯ ಕನ್ನಡದಲ್ಲಿ ಮಾತ್ರವಲ್ಲ, ಮೀನುಗಾರ ಖಾರ್ವಿ ಸಮುದಾಯದ ಕೇರಿಗಳ ಕೊಂಕಣಿಯಲ್ಲಿಯೂ ಸಿಗಬೇಕು. ಗಡಿಯ ಬಿಂದುಗಳನ್ನು ಬೋಟಿನ ಜಿಪಿಎಸ್‌ಗೆ ತುಂಬಿಕೊಡಬೇಕು. ಜಿಪಿಎಸ್ ಇಲ್ಲದ ಪಾತಿದೋಣಿಯವರಿಗೆ ದಡದ ಗುಡ್ಡ, ದೇವಸ್ಥಾನ, ಅಳಿವೆಯ ಗುರುತಿನಲ್ಲಿ ಹೇಳಿಕೊಡಬೇಕು, ಏಕೆಂದರೆ ಅವರು ಕಡಲನ್ನು ಓದುವುದು ಆ ಗುರುತುಗಳಿಂದಲೇ. ಇದಕ್ಕೆ ತಕ್ಕ ಕಾಲ ಮಳೆಗಾಲದ ಆ 61 ದಿನಗಳು: ಬೋಟುಗಳು ದಡದಲ್ಲಿರುತ್ತವೆ, ಬಲೆ ಹೆಣೆಯುತ್ತ ಜನ ಕೂತಿರುತ್ತಾರೆ, ನೂಲ ಹುಣ್ಣಿಮೆಯ ಸಮುದ್ರಪೂಜೆ ಇನ್ನೂ ಮುಂದಿರುತ್ತದೆ. ಬರುವ ಜೂನ್ ತಿಂಗಳಲ್ಲಿ ಅರಣ್ಯ ಇಲಾಖೆಯೂ ಮೀನುಗಾರಿಕಾ ಇಲಾಖೆಯೂ ಕರಾವಳಿ ಕಾವಲು ಪೊಲೀಸರೂ ಬೇರೆಬೇರೆಯಾಗಿ ಅಲ್ಲ, ಒಟ್ಟಾಗಿ, ಆ ಬಲೆಗಳ ಪಕ್ಕದಲ್ಲಿಯೇ ಕೂತು ನಕ್ಷೆ ಬಿಡಿಸಲಿ. ತಿದ್ದಲು ಪೆನ್ಸಿಲ್ಲನ್ನೂ ತರಲಿ.