ದೊಡ್ಡ ಇಎಸ್‌ಸಿ ಹಾಕಿದರೆ ಮೋಟಾರ್ ಸುಡುತ್ತಾ? ಸತ್ಯಾಂಶ ಇಲ್ಲಿದೆ

"60 ಆಂಪ್ ಸಾಕಾಗೋ ಮೋಟಾರ್‌ಗೆ 120 ಆಂಪ್ ಇಎಸ್‌ಸಿ ಹಾಕಬೇಡಿ, ಕರೆಂಟ್ ಜಾಸ್ತಿ ನುಗ್ಗಿ ಮೋಟಾರ್ ಸುಟ್ಟು ಹೋಗುತ್ತೆ" ಅನ್ನೋ ಮೆಸೇಜ್ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರ್ ಓಡಿಸುವವರ ನಡುವೆ ಸುತ್ತುತ್ತಲೇ ಇರುತ್ತದೆ. ಇದು ತಪ್ಪು.

ಮೋಟಾರಿನ ವೇಗ ನಿಯಂತ್ರಿಸುವ ಈ ಇಎಸ್‌ಸಿ ಕರೆಂಟನ್ನು ಬಲವಂತವಾಗಿ ತುರುಕುವುದಿಲ್ಲ. 120 ಅಂದರೆ ಅದು ತಡೆದುಕೊಳ್ಳುವ ಮಿತಿ, ಅಷ್ಟೇ. ಎಷ್ಟು ಕರೆಂಟ್ ಎಳೆಯಬೇಕು ಅನ್ನೋದನ್ನು ಮೋಟಾರ್, ಅದರ ಮೇಲಿನ ಭಾರ, ಬ್ಯಾಟರಿ ವೋಲ್ಟೇಜ್ ಸೇರಿ ತೀರ್ಮಾನಿಸುತ್ತವೆ. ನಿಜವಾಗಿ ಹೆದರಬೇಕಾದ್ದು ಚಿಕ್ಕ ಇಎಸ್‌ಸಿಗೆ, ಮಿತಿ ಮೀರಿ ಬಿಸಿಯಾಗಿ ಮೊದಲು ಅದೇ ಹೋಗುತ್ತದೆ.

ಹಾಗಾದರೆ ಮೋಟಾರ್ ಯಾಕೆ ಸುಡುತ್ತದೆ? ವೋಲ್ಟೇಜ್ ಮತ್ತು ಗೇರ್ ನೋಡಿ. ಮೋಟಾರ್ ಮೇಲೆ ಬರೆದಿರುವ 3300 ಕೆವಿ ಅಂದರೆ ಭಾರವಿಲ್ಲದಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ 3300 ಸುತ್ತು (ಕಿಲೋವೋಲ್ಟ್ ಅಲ್ಲ, ಇದರಲ್ಲೂ ತುಂಬಾ ಜನ ಎಡವುತ್ತಾರೆ). 7.4 ವೋಲ್ಟ್‌ನ 2ಎಸ್ (ಎರಡು ಸೆಲ್‌ನ) ಬ್ಯಾಟರಿಯಲ್ಲಿ ಸುಮಾರು 24,400 ಸುತ್ತು, 11.1 ವೋಲ್ಟ್‌ನ 3ಎಸ್ ಹಾಕಿದರೆ 36,600. ಅದರ ಜೊತೆ 13 ಹಲ್ಲಿನ ಪಿನಿಯನ್ (ಮೋಟಾರಿಗೆ ಕೂರಿಸುವ ಚಿಕ್ಕ ಗೇರ್) ತೆಗೆದು 17 ಹಲ್ಲಿನದು ಕೂರಿಸಿದರೆ ಮೋಟಾರ್ ಮೇಲೆ ಭಾರ ಬಿದ್ದು ಕರೆಂಟ್ ಏರುತ್ತದೆ, ಸುರುಳಿ ಕಾಯುತ್ತದೆ. ಐದು ನಿಮಿಷ ಓಡಿಸಿ ಮೋಟಾರಿನ ಬಿಸಿ ಅಳೆಯಿರಿ. ನಾನಂತೂ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ನಿಲ್ಲಿಸಿ ಚಿಕ್ಕ ಪಿನಿಯನ್ ಹಾಕುತ್ತೇನೆ.